ಸಂಕಲ್ಪ ವೈನಿ

ವೈನಿ ಕಪಾಟಿನ ಬಾಗಿಲು ತೆರೆದ ಸಪ್ಪಳ ಕೇಳಿಸಿದರೆ ಸಾಕು, ರಾಯರು ಕಿಸೆ ಮುಟ್ಟಿ ಪಾಕೀಟು ಇದ್ದಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಹೆಂಡತಿಗೆ ಬಟ್ಟೆ ಕೊಳ್ಳುವ ಹುಕಿ ಬಂದಾಗ ಗಂಡ ಬೆವರುವುದು ಲೋಕರೂಢಿ. ರಾಯರ ಪಾಡು ಬೇರೆ. ಅವರ ಮನೆಯಲ್ಲಿ ಬಟ್ಟೆ ಕಡಿಮೆ ಮಾಡುವ ಹುಕಿ ಬಂದಾಗಲೇ ಹೆಚ್ಚು ದುಡ್ಡು ಹೋಗುತ್ತದೆ.

ನಾಶಿಕದಲ್ಲಿ ನಾಲ್ಕು ಕನ್ನಡದ ಮನೆ ಕೂಡಿದರೆ ಅದರಲ್ಲಿ ಒಂದು ಓಝರ್‌ನ ಎಚ್‌ಎಎಲ್‌ನದಾಗಿರುತ್ತದೆ. 1964ರಲ್ಲಿ ಮಿಗ್ ವಿಮಾನ ಕಟ್ಟಲೆಂದು ಶುರುವಾದ ಕಾರ್ಖಾನೆ ಅದು. ಬೆಂಗಳೂರಿನಿಂದ ವರ್ಗವಾಗಿ ಬಂದವರೂ ಇದ್ದಾರೆ, ಧಾರವಾಡದ ಕಡೆಯಿಂದ ನೇರ ಬಂದು ಸೇರಿದವರೂ ಇದ್ದಾರೆ. ರಾಯರು ಧಾರವಾಡದವರು. ಅವರ ಅಣ್ಣ ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿಯಲ್ಲಿ ಕೆಲಸಕ್ಕಿದ್ದಾರೆ. ರಾಯರ ಹೆಂಡತಿ ನಮ್ಮ ಕನ್ನಡ ಮಂದಿಗೆಲ್ಲ ವೈನಿ, ಅಂದರೆ ಅತ್ತಿಗೆ. ಅವರನ್ನು ಹೆಸರು ಹಿಡಿದು ಕರೆಯುವುದು ಬ್ಯಾಂಕಿನವರು ಮಾತ್ರ. ‘ವೈನಿ’ಯ ಮುಂದೆ ‘ಸಂಕಲ್ಪ’ ಅಂಟಿಸಿದ್ದು ಯಾರೋ ಗೊತ್ತಿಲ್ಲ. ಗೊತ್ತಾದರೆ ರಾಯರು ಅವರಿಗೆ ಚಹಾ ಕುಡಿಸಬೇಕೆಂದಿದ್ದಾರೆ.

ಇಂಥವರು ನಿಮ್ಮ ಊರಿನಲ್ಲೂ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. “ನಾ ಈಗ ಬಟ್ಟೀನ ಕೊಳ್ಳಂಗಿಲ್ಲರೀ” ಎಂದು ಅವರು ಹೇಳುತ್ತಿರುವಾಗ ಮೈಮೇಲಿರುವುದನ್ನು ನೀವು ಹಿಂದೆಂದೂ ನೋಡಿರುವುದಿಲ್ಲ.

ಆದರೆ ವೈನಿಯ ಕಳಕಳಿ ಸುಳ್ಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. 2013ರಲ್ಲಿ ಢಾಕಾದ ಹತ್ತಿರ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು, ಒಳಗೆ ಬಟ್ಟೆ ಹೊಲಿಯುತ್ತಿದ್ದ 1,100ಕ್ಕೂ ಹೆಚ್ಚು ಜನ ಸತ್ತ ಸುದ್ದಿಯ ಚಿತ್ರವನ್ನು ಟಿವಿಯಲ್ಲಿ ನೋಡಿ ಅವರು ಊಟ ಬಿಟ್ಟಿದ್ದರು. ಸೋವಿಯ ಬಟ್ಟೆಯ ಹಿಂದೆ ಯಾರದೋ ಜೀವ ಇರುತ್ತದೆ ಎಂದು ಅಂದೇ ನಂಬಿದರು. ಸೋವಿಯದನ್ನು ಬಿಡುವುದು ಎಂಬುದಕ್ಕೆ ತುಟ್ಟಿಯದನ್ನು ತರುವುದು ಎಂಬ ಅರ್ಥ ಯಾವಾಗ ಬಂತೋ, ಅದು ರಾಯರಿಗೂ ತಿಳಿಯಲಿಲ್ಲ.

ಸಂಕಲ್ಪಗಳಿಗೊಂದು ವಹಿ ಇದೆ. ದೌಲತಾಬಾದ್ ಕೋಟೆಯ ಆಚೆ ಕಾಗಜೀಪುರ ಎಂಬ ಹಳ್ಳಿಯಲ್ಲಿ ಕೈಯಿಂದ ಮಾಡಿದ ಕಾಗದದ್ದು. ಮಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದಿಲ್ಲಿಯಿಂದ ಅಲ್ಲಿಗೆ ಎಳೆದು ತಂದಾಗ ಕಾಗದ ಮಾಡುವವರೂ ಬಂದರಂತೆ. ರಾಜಧಾನಿ ವಾಪಸು ಹೋಯಿತು, ಕಾಗದದವರು ಉಳಿದರು. ಹತ್ತಿಬಟ್ಟೆಯ ಚಿಂದಿಯನ್ನು ನೆನೆಸಿ ಅರೆದು ಮಾಡುವ ಕಾಗದ. ಹಳೇ ಅರಿವೆಯಿಂದಾದ ಕಾಗದದ ಮೇಲೆಯೇ, ಹಳೇ ಅರಿವೆಯನ್ನು ಏನು ಮಾಡಬೇಕೆಂದು ವೈನಿ ಶಾಯಿಪೆನ್ನಿನಲ್ಲಿ ಬರೆಯುತ್ತಾರೆ. ಹಾಳೆ ಒರಟು. ಶಾಯಿ ಇಂಗಿ ಅಕ್ಷರ ದಪ್ಪವಾಗಿ, ‘ಮಿತ’ ಎಂದು ಬರೆದದ್ದು ದೂರದಿಂದ ‘ಮತ್ತ’ ಎಂದು ಕಾಣುತ್ತದೆ.

ಮೊದಲ ಪುಟದ ಸಂಕಲ್ಪ: ನನ್ನ ಶೈಲಿ ಸರಳವಾಗಿರಲಿ, ಬಣ್ಣ ಮಣ್ಣಿನದಿರಲಿ. ಕಪಾಟು ತೆರೆದರೆ ಅಲ್ಲಿ ಮಣ್ಣಿನ ಬಣ್ಣದ್ದು ಒಂದೂ ಇಲ್ಲ. ಧಾರವಾಡದ ಹೆಣ್ಣುಮಗಳ ಕಪಾಟಿನಲ್ಲಿ ಹಸಿರು, ಕುಂಕುಮಗೆಂಪು, ಬದನೆಕಾಯಿ ಬಣ್ಣ ಇರುತ್ತವೆಯೇ ಹೊರತು ಮಣ್ಣು ಎಲ್ಲಿಂದ ಬರಬೇಕು? ಹೀಗಾಗಿ ಸರಳತೆಯನ್ನು ಕಾಲೇಜು ರೋಡಿಗೆ ಹೋಗಿ ಕೊಂಡು ತರಬೇಕಾಯಿತು. ಲಿನನ್ ಕುರ್ತಾಗಳು, ಒಂದು ಕೆಮ್ಮಣ್ಣು, ಒಂದು ಜೇಡಿಮಣ್ಣು, ಒಂದು ಎರೆಮಣ್ಣು. “ಮಾಸಿದ್ದು ಗೊತ್ತಾಗಂಗಿಲ್ಲ, ಛಲೋ ಆತು” ಎಂದರು ರಾಯರು. ಅದು ಟೀಕೆಯೆಂದು ವೈನಿ, ಮೆಚ್ಚುಗೆಯೆಂದು ರಾಯರು ಇಂದಿಗೂ ವಾದಿಸುತ್ತಾರೆ.

ಆಮೇಲೆ ಬಂತು 33ರ ವ್ರತ. ಅಮೆರಿಕದ ಕೋರ್ಟ್ನಿ ಕಾರ್ವರ್ ಎಂಬಾಕೆ 2010ರಲ್ಲಿ ಶುರುಮಾಡಿದ್ದು. ಮೂರು ತಿಂಗಳು ಬರೀ 33 ವಸ್ತುಗಳಲ್ಲಿ ಕಳೆಯಬೇಕು. ಬಟ್ಟೆ, ಚಪ್ಪಲಿ, ಆಭರಣ ಎಲ್ಲ ಕೂಡಿ 33. ಆಕೆಗೇನು, ಪ್ಯಾಂಟು ಒಂದು, ಅಂಗಿ ಒಂದು ಎಂದು ಎಣಿಸಿ ಮುಗಿಸಿದಳು. ಸೀರೆಯನ್ನು ಎಣಿಸುವುದು ಹೇಗೆ? ಸೀರೆ, ಕುಪ್ಪಸ, ಲಂಗ ಮೂರೂ ಬೇರೆ ಬೇರೆ ಹಿಡಿದರೆ ಹನ್ನೊಂದು ಸೀರೆಗೆ ವ್ರತ ಖಲಾಸ್, ಕಾಲಿಗೆ ಚಪ್ಪಲಿಯೂ ಇಲ್ಲ. ಬಳೆ ಡಜನ್ನಿಗೆ ಹನ್ನೆರಡೋ ಒಂದೋ? ವೈನಿ ಎರಡು ರಾತ್ರಿ ನಿದ್ದೆಗೆಟ್ಟದ್ದನ್ನು ನೋಡಲಾರದೆ ರಾಯರು ಬಾಯಿ ಬಿಟ್ಟರು.

“ನಮ್ಮ ಕಡೆ ಇಡೀ ವಿಮಾನಕ್ಕ ಒಂದ ನಂಬರ್ ಇರ್ತದ. ಸೀರಿ, ಕುಪ್ಪಸ, ಲಂಗಾ ಕೂಡಿ ಒಂದು ಅಸೆಂಬ್ಲಿ ಅಂತ ಹಿಡಿ.”

ಆ ಮಾತು ಆಡಬಾರದಿತ್ತು. ಹನ್ನೊಂದಿದ್ದ ಸೀರೆಯ ಹಕ್ಕು ಒಂದೇ ಏಟಿಗೆ ಮೂರುಪಟ್ಟಾಯಿತು. ಬಳೆ ಡಜನ್ನು ಒಂದು ಅಸೆಂಬ್ಲಿ, ಮುತ್ತಿನ ಸೆಟ್ಟು ಒಂದು ಅಸೆಂಬ್ಲಿ. ಇನ್ನೂ ಉಳಿದವುಗಳಿಗೆ ಕಾರ್ವರಮ್ಮನೇ ದಾರಿ ಇಟ್ಟಿದ್ದಳು: ಮನೆಯಲ್ಲಿ ಹಾಕಿಕೊಳ್ಳುವ ಬಟ್ಟೆ, ವ್ಯಾಯಾಮದ ಬಟ್ಟೆ ಲೆಕ್ಕಕ್ಕಿಲ್ಲ. ಮಗನ ಮುಂಜಿವಿಯಲ್ಲಿ ಉಟ್ಟ ಬನಾರಸಿಯನ್ನು ವೈನಿ ‘ಮನೆಯ ಬಟ್ಟೆ’ಗೆ ಸೇರಿಸಿದರು, ಮುಂಜಿವಿ ಮನೆಯಲ್ಲೇ ಆಗಿತ್ತಲ್ಲ. ಗೋಮಿ ದಡಿಯ ಇಳಕಲ್ಲು ಉಟ್ಟು ಒಮ್ಮೆ ಪಾಂಡವಲೇಣಿಯ ಮೆಟ್ಟಿಲು ಹತ್ತಿದ್ದರಿಂದ ಅದು ವ್ಯಾಯಾಮದ ಬಟ್ಟೆಯಾಯಿತು. ಒಂದೂ ಸೀರೆ ಕಪಾಟಿನಿಂದ ಹೊರಬೀಳದೆ ವ್ರತ ಸಾಂಗವಾಯಿತು. ಇಷ್ಟಾದರೂ ಕಡಿಮೆ ಬಟ್ಟೆಯಲ್ಲಿ ಬದುಕುವುದು ಎಷ್ಟು ಕಷ್ಟ ಎಂದು ವೈನಿ ನಿಟ್ಟುಸಿರಿಟ್ಟಾಗ ರಾಯರು ಪೇಪರಿನಿಂದ ತಲೆಯೆತ್ತದೆ ಹೇಳಿದರು: “2015ರ ಸಿಂಹಸ್ಥದಾಗ ತ್ರ್ಯಂಬಕದ ಕುಶಾವರ್ತದ ಕಡೆ ನೋಡೇನಿ. ನಾಗಾ ಸಾಧುಗಳದು ಭಸ್ಮದಾಗ ಮುಗೀತದ.” ಅಂದು ರಾತ್ರಿ ಅವರಿಗೆ ಬಿಸಿ ಅನ್ನ ಸಿಗಲಿಲ್ಲ.

ನವರಾತ್ರಿಯಲ್ಲಿ ಮಾತ್ರ ಪರೀಕ್ಷೆ ಕಠಿಣವಾಯಿತು. ಮಹಾರಾಷ್ಟ್ರದಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ಶಾಸ್ತ್ರದ್ದೆಂದು ಜನ ನಂಬಿದ್ದಾರೆ. ಜನಪ್ರಿಯ ಮಾಡಿದ್ದು ‘ಮಹಾರಾಷ್ಟ್ರ ಟೈಮ್ಸ್’ ಪತ್ರಿಕೆ, ಅದೂ 2000ದ ದಶಕದಲ್ಲಿ. ಇವತ್ತು ಹಳದಿ ಎಂದರೆ ಬ್ಯಾಂಕು, ಶಾಲೆ, ಭಾಜಿ ಮಂಡಿ ಎಲ್ಲ ಹಳದಿ. ಬೂದುಬಣ್ಣದ ದಿನ ಬಂದರಂತೂ ಊರಿಗೆ ಊರೇ ಬೂದು ಸೀರೆ ಹುಡುಕುತ್ತದೆ, ಉಳಿದ ವರ್ಷವೆಲ್ಲ ಅದನ್ನು ಯಾರೂ ಮೂಸಿಯೂ ನೋಡುವುದಿಲ್ಲ.

ವೈನಿ ಸೋಲುವವರಲ್ಲ. ಗಂಗಾಪುರ ರೋಡಿನ ತಮ್ಮ ಸೊಸಾಯಿಟಿಯ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ, “ಯಾರೂ ಹೊಸಾದು ತರೂದು ಬ್ಯಾಡ, ಒಬ್ಬರದು ಒಬ್ಬರು ಉಡೋಣು” ಎಂದು ಅದಲಿ-ಬದಲಿ ಯೋಜನೆ ಹೂಡಿದರು. ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಮೊದಲ ದಿನ ಬೆಳಿಗ್ಗೆ ಗೊತ್ತಾಯಿತು: ಹಳದಿಯ ದಿನ ಎಲ್ಲರಿಗೂ ಹಳದಿಯೇ ಬೇಕು. ಕೆಂಪನ್ನು ಕಡ ಕೊಡಲು ಇಪ್ಪತ್ತು ಮಂದಿ ತಯಾರು, ಹಳದಿಯನ್ನು ಮಾತ್ರ ಯಾರೂ ಕೊಡರು. ಆ ಸಂಜೆ ವೈನಿ ಮೇನ್ ರೋಡಿಗೆ ಹೋದರು. ಕೊಂಡದ್ದೆಲ್ಲ ಕೈಮಗ್ಗದ್ದು ಎಂಬುದನ್ನು ಇಲ್ಲಿ ದಾಖಲಿಸಬೇಕೆಂದು ಅವರ ಆಗ್ರಹ.

ಹಾಗೆ ಬಂದದ್ದರಲ್ಲಿ ಒಂದು ಖಣದ ಸೀರೆ. ಈಗ ನಾಶಿಕ-ಪುಣೆಯ ತರುಣಿಯರಿಗೆ ಖಣದ ಹುಚ್ಚು; ಸೀರೆ, ಕುರ್ತಾ, ಪರ್ಸು, ಕಿವಿಯ ಝುಮಕಿಗೂ ಖಣ. ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುತ್ತಿದ್ದದ್ದು ತಲೆಮಾರುಗಳಿಂದ ಮರಾಠಿ ಹೆಂಗಸರ ಚೋಳಿಯಾಗಿ ಇತ್ತ ಬರುತ್ತಿತ್ತು. ವೈನಿಯ ಅವ್ವನ ಟ್ರಂಕಿನಲ್ಲಿ ಅಂಥ ಖಣಗಳು ಮಡಿಕೆ ಮುರಿಯದೆ ಬಿದ್ದಿದ್ದಾಗ, ಇದೇ ವೈನಿ “ಅದೆಲ್ಲ ಓಲ್ಡ್ ಫ್ಯಾಶನ್” ಎಂದು ಬಾಯಿ ಚೊಟ್ಟ ಮಾಡಿದ್ದರು. ಮೇನ್ ರೋಡಿನ ಅಂಗಡಿಯ ಹುಡುಗಿ ಅದೇ ಖಣವನ್ನು ತೋರಿಸಿ, ಮರಾಠಿ ಪರಂಪರೆ ಎಂದು ಹೇಳಿ ಮಾರಿದಳು. ಅದು ಮಗ್ಗದ್ದೋ ಯಂತ್ರದ್ದೋ ನನಗೆ ಗುಮಾನಿ ಇದೆ. ವೈನಿಗೆ ಹೇಳಿಲ್ಲ, ನನಗೂ ಆ ಮನೆಯ ಚಹಾ ಬೇಕು.

ಮೇ ತಿಂಗಳಲ್ಲಿ ಸಂಭಾಜಿನಗರಕ್ಕೆ, ಅಂದರೆ ನೆಗೆಣ್ಣಿಯ ಮನೆಗೆ, ಹೊರಟರು. ವಹಿಯಲ್ಲಿ ಬರೆದದ್ದು: ಪ್ರವಾಸದಲ್ಲಿ ಕೊಳ್ಳುವುದಿಲ್ಲ, ನೋಡುವುದು ಮಾತ್ರ. ಕಾರಿನ ದಾರಿ ಯೇವಲಾದ ಮೇಲೆ. ರಾಯರಿಗೆ ಅಲ್ಲಿ ನೋಡಬೇಕಾಗಿದ್ದು ಮುಕ್ತಿಭೂಮಿ. 1935ರ ಅಕ್ಟೋಬರ್‌ನಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಘೋಷಿಸಿದ್ದು ಆ ಊರಲ್ಲಿ. ವೈನಿಗೆ ನೋಡಬೇಕಾಗಿದ್ದು ಪೈಠಣಿ ಸೀರೆ. ಪೈಠಣಕ್ಕೆ ಹೆಸರು, ಯೇವಲಾಕ್ಕೆ ಮಗ್ಗ ಎಂಬಂತಾಗಿದೆ ಈಗ. ಓಣಿ ಓಣಿಯಲ್ಲಿ ಖಟ್ ಖಟ್ ಸಪ್ಪಳ.

ಒಂದು ಮನೆಯ ಪಡಸಾಲೆಯಲ್ಲಿ ನೇಕಾರನೊಬ್ಬ ಸೆರಗಿನ ಮೇಲೆ ಬಾಗಿ ಕೂತಿದ್ದ. ನವಿಲಿನ ಕತ್ತು ಅರ್ಧ ಆಗಿತ್ತು. ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಎಸೆಯುವ ಕೆಲಸವಲ್ಲ ಅದು. ನೀಲಿಗೊಂದು, ಹಸಿರಿಗೊಂದು, ಕೊಕ್ಕಿನ ಕೆಂಪಿಗೊಂದು ಸಣ್ಣ ಸುರುಳಿ. ಕತ್ತಿನ ನೀಲಿ ಎಳೆ ಕತ್ತಿನ ಅಂಚಿಗೆ ಬಂದು, ಪಕ್ಕದ ಜರಿಯ ಎಳೆಗೆ ಸಿಕ್ಕಿಹಾಕಿಕೊಂಡು ತಿರುಗಿ ಹೋಗುತ್ತದೆ. ಒಂದು ಸಾಲು ಮುಗಿಯಲು ಹತ್ತಾರು ಸುರುಳಿ ಎತ್ತಿ ಇಳಿಸಬೇಕು. ಇಂಥ ಸೆರಗಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನೇಕಾರ ಮಾತಾಡದೆ, ಮುಗಿದ ಇನ್ನೊಂದು ಸೀರೆಯ ಸೆರಗನ್ನು ತಿರುವಿ ಹಾಸಿದ. ಹಿಂದೆಯೂ ಅದೇ ನವಿಲು. ಜೋತು ಬಿದ್ದ ಎಳೆಯಿಲ್ಲ, ಕತ್ತರಿಸಿದ ದಾರವಿಲ್ಲ. ಯಂತ್ರದ ಸೆಮಿ-ಪೈಠಣಿ ಸಿಕ್ಕಿಬೀಳುವುದು ಹಿಂಬದಿಯಲ್ಲೇ.

ವೈನಿ ಬಹಳ ಹೊತ್ತು ಸುಮ್ಮನಿದ್ದರು. ರಾಯರು ಕಿಸೆ ಮುಟ್ಟಿಕೊಂಡರು.

“ಅಲ್ರೀ, ಎರಡೂ ಬದಿ ಒಂದ ಥರಾ ಅದ. ಅಂದ್ರ ತಿರುವಿ ಉಟ್ಟರ ಇನ್ನೊಂದು ಸೀರಿ ಆತಲ್ಲ? ಒಂದರ ರೊಕ್ಕದಾಗ ಎರಡು.”

“ಒಂದ ಥರಾ ಇದ್ದದ್ದು ಇನ್ನೊಂದು ಹ್ಯಾಂಗ ಆಗ್ತದ?” ಎಂದರು ರಾಯರು. ತರ್ಕದಲ್ಲಿ ಗೆದ್ದು ವ್ಯವಹಾರದಲ್ಲಿ ಸೋಲುವುದು ಅವರಿಗೆ ರೂಢಿ. ಸೀರೆಯ ಬೆಲೆ 40 ಸಾವಿರ. ಬೆಲೆಯನ್ನು ಉಟ್ಟ ಸಲದಿಂದ ಭಾಗಿಸಬೇಕು, ಆಗ ನಿಜವಾದ ಬೆಲೆ ತಿಳಿಯುತ್ತದೆ ಎಂಬುದು ವೈನಿ ಕಲಿತ ಹೊಸ ಗಣಿತ. ಸಲಕ್ಕೆ 200 ರೂಪಾಯಿ ಬಿದ್ದರೆ ಬಾಡಿಗೆಗಿಂತ ಸೋವಿ ಎಂದರು. ರಾಯರು ಮನಸ್ಸಿನಲ್ಲೇ ಭಾಗಿಸಿ, “ಇನ್ನೂರು ಮದುವಿ ಆಗ್ತಾವ. ನಮಗ ಅಷ್ಟು ಬೀಗರಿಲ್ಲ” ಎಂದರು. ಸೀರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿತು. ಮುಕ್ತಿಭೂಮಿ ಮುಂದಿನ ಸಲಕ್ಕೆ ಉಳಿಯಿತು.

ಹಿರಿಯ ನೆಗೆಣ್ಣಿ ಇರುವುದು ಸಂಭಾಜಿನಗರದ ಸಿಡ್ಕೊ ಬಡಾವಣೆಯಲ್ಲಿ. ಊರಿನ ಹೆಸರು 2023ರಲ್ಲಿ ಬದಲಾಯಿತು, ನಳದ ಚಾಳಿ ಬದಲಾಗಿಲ್ಲ. ಪೈಠಣದ ಹತ್ತಿರ ಜಾಯಕವಾಡಿ ಎಂಬ ಸಮುದ್ರದಂಥ ಜಲಾಶಯ ಇದ್ದೂ, ಈ ಊರಿನ ಮನೆಗಳಿಗೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ನೆಗೆಣ್ಣಿಯ ‘ಕಾಲನಿರ್ಣಯ’ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲಿ ನಳ ಬರುವ ದಿನಕ್ಕೆ ಕೆಂಪು ಗುರುತು. ಏಕಾದಶಿ ತಪ್ಪಿದರೂ ಅದು ತಪ್ಪಬಾರದು. ಅವರ ಮನೆಯಲ್ಲಿ ಯಾವ ಬಟ್ಟೆ ಇರಬೇಕು, ಯಾವುದು ಇರಬಾರದು ಎಂಬುದನ್ನು ತೀರ್ಮಾನಿಸುವುದು ಬಕೆಟ್ಟು. ಜೀನ್ಸ್ ಎರಡು ಬಕೆಟ್ಟು ಕುಡಿಯುತ್ತದೆ, ಆದ್ದರಿಂದ ಜೀನ್ಸ್ ಇಲ್ಲ. ಬಿಳಿಯದು ಸಾಬೂನು ಬೇಡುತ್ತದೆ, ಆದ್ದರಿಂದ ಬಿಳಿಯದಿಲ್ಲ.

ವೈನಿ ವಹಿ ತೆಗೆದು ಬೋಧನೆಗೆ ಕೂತರು. “ಅಕ್ಕಾ, ಒಂದು ಹತ್ತಿ ಟೀ-ಶರ್ಟ್ ತಯಾರಾಗಲಿಕ್ಕೆ 2,700 ಲೀಟರ್ ನೀರು ಬೇಕಂತ, ಗೊತ್ತೇನ್ರಿ?”

ನೆಗೆಣ್ಣಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು. “ಎಷ್ಟು?”

“ಎರಡು ಸಾವಿರದ ಏಳ್ನೂರು.”

“ಟೀ-ಶರ್ಟ್ ಅವರ ಇಟಗೊಳ್ಳಲಿ. ಆ ನೀರು ನಮ್ಮ ಮನಿಗೆ ಕಳಸ್ತಾರೇನು ಕೇಳು.” ತುಸು ತಡೆದು ಸೇರಿಸಿದರು: “ನೀವು ನಾಶಿಕದವರು ಗಂಗಾಪುರದ ಡ್ಯಾಮಿನ್ಯಾಗ ಹಿಡಕೊಂಡು ಕೂತೀರಿ. ಬಿಡ್ರಿ ಅಂದ್ರ ಪ್ರತಿ ಬರಗಾಲಕ್ಕೂ ಕೋರ್ಟಿಗೆ ಹೋಗ್ತೀರಿ. ಮ್ಯಾಲೆ ನನಗ ನೀರಿನ ಪಾಠ!” ಮೇಲಿನ ನಾಶಿಕ-ಅಹಿಲ್ಯಾನಗರದ ಅಣೆಕಟ್ಟುಗಳಿಂದ ಕೆಳಗಿನ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂಬ ಜಗಳ ಮುಂಬಯಿ ಹೈಕೋರ್ಟಿನವರೆಗೂ ಹೋದದ್ದು ನಿಜ. ಅದು ಇಬ್ಬರು ನೆಗೆಣ್ಣಿಯರ ನಡುವೆಯೂ ಬರುತ್ತದೆಂದು ನ್ಯಾಯಮೂರ್ತಿಗಳಿಗೆ ತಿಳಿದಿರಲಿಕ್ಕಿಲ್ಲ.

ನೆಗೆಣ್ಣಿಯನ್ನು ನಾನು ಆದರ್ಶ ಎಂದು ನಿಲ್ಲಿಸುತ್ತಿಲ್ಲ. ಅವರ ಇಳಕಲ್ಲು ಸೀರೆ ಮೆತ್ತಗಾದಾಗ ಕೂಸಿಗೆ ಹಾಸುವ ಬಟ್ಟೆಯಾಗುತ್ತದೆ, ಆಮೇಲೆ ಕೌದಿ, ಆಮೇಲೆ ನೆಲ ಒರೆಸುವ ಅರಿವೆ, ಇದೆಲ್ಲ ಸರಿ. ಆದರೆ ಅಟ್ಟದ ಮೇಲೆ ಗಂಡನ ಮೂವತ್ತು ಇಂಚು ಸೊಂಟದ ಪ್ಯಾಂಟುಗಳನ್ನೂ ಇಟ್ಟಿದ್ದಾರೆ. ಗಂಡನ ಸೊಂಟ ಈಗ ನಲವತ್ತು. “ಬರ್ತಾರ, ವಾಪಸ ಅಲ್ಲಿಗೇ ಬರ್ತಾರ” ಎನ್ನುತ್ತಾರೆ, ಯಾತ್ರೆಗೆ ಹೋದವರ ಬಗ್ಗೆ ಹೇಳುವ ಧಾಟಿಯಲ್ಲಿ. ಹೊಸ ಸೀರೆಯ ಪ್ಲಾಸ್ಟಿಕ್ ಕವರು, ಕಾಲರಿನೊಳಗಿನ ರಟ್ಟು, ಅಂಗಿಗೆ ಚುಚ್ಚಿದ ಗುಂಡುಪಿನ್ನು ಯಾವುದೂ ಹೊರಗೆ ಹೋಗುವಂತಿಲ್ಲ.

ನಡುವೆ ಹಿಮರೂ ಶಾಲಿನ ಪ್ರಕರಣವೂ ಆಯಿತು. ಹೊನ್ನು ಬೆಳ್ಳಿಯ ಎಳೆಯ ಕಿನ್‌ಖಾಬು ದೊರೆಗಳಿಗೆ. ಅದರ ಸೊಗಸನ್ನೇ ಹತ್ತಿ-ರೇಷ್ಮೆಯಲ್ಲಿ ತಂದ ಹಿಮರೂ ಅದಕ್ಕಿಂತ ಕೆಳಗಿನವರಿಗೆ. ಕೈಯಿಂದ ನೇಯುವವರು ಈಗ ಬೆರಳೆಣಿಕೆಯಷ್ಟು. ಉಳಿಸಬೇಕಾದದ್ದೇ, ನಾನೂ ಒಪ್ಪುತ್ತೇನೆ. ಆದರೆ ಮೇ ತಿಂಗಳ ನಲವತ್ತು ಡಿಗ್ರಿಯ ಮಧ್ಯಾಹ್ನ ಶಾಲು ಹೊದ್ದು ಕನ್ನಡಿಯ ಮುಂದೆ ನಿಂತ ವೈನಿಯನ್ನು ನೋಡಿ ಅಂಗಡಿಯವನೇ ಪಂಖಾ ತಿರುಗಿಸಿದನಂತೆ.

ಹೊರಡುವ ಮುಂಚೆ ಉಡಿ ತುಂಬುವ ಶಾಸ್ತ್ರ. ಅಕ್ಕಿ, ಅಡಿಕೆ, ಅರಿಶಿಣಕೊಂಬು, ಮೇಲೊಂದು ಕುಪ್ಪಸದ ಪೀಸು. ಗುಲಾಬಿ ಪಾಲಿಯೆಸ್ಟರು, ತುದಿಯಲ್ಲಿ ತೆಂಗಿನಕಾಯಿಯ ನೀರು ಒಣಗಿದ ಕಂದು ಕಲೆ, ಕಲೆಯ ನಡುವೆ ಕುಂಕುಮದ ಬೆರಳಚ್ಚು. ವೈನಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಾವೇ ದೀಪಾವಳಿಯಲ್ಲಿ ನಾಶಿಕ ರೋಡಿನ ಬೀಗಿತ್ತಿಗೆ ಕೊಟ್ಟದ್ದು. ಬೀಗಿತ್ತಿಗೆ ಸೊಲ್ಲಾಪುರದ ಸಂಬಂಧ, ಸೊಲ್ಲಾಪುರಕ್ಕೆ ಲಾತೂರಿನದು, ಲಾತೂರಿನಿಂದ ಇಲ್ಲಿಗೆ. ಯಾರ ಮೈಗೂ ಏರದೆ ಅರ್ಧ ಮಹಾರಾಷ್ಟ್ರ ಸುತ್ತಿ ಬಂದಿದೆ. ಹೊಲಿಸಿದ್ದರೆ ಒಬ್ಬಳಿಗೇ ಮುಗಿಯುತ್ತಿತ್ತು. ವೈನಿ ಮರುಮಾತಾಡದೆ ಮಡಚಿ ಚೀಲಕ್ಕೆ ಹಾಕಿಕೊಂಡರು, ಶ್ರಾವಣ ದೂರವಿರಲಿಲ್ಲ.

ರಾಯರು ಡ್ಯೂಟಿಯೆಂದು ಕಾರು ತೆಗೆದುಕೊಂಡು ಮುಂಚೆಯೇ ಹೋದರು. ವೈನಿ ಉಳಿದದ್ದು ಬೋಹಾರಣಿಗಾಗಿ. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಈ ಹೆಂಗಸರು ಮಹಾರಾಷ್ಟ್ರದ ಓಣಿಗಳಲ್ಲಿ ಬುಟ್ಟಿ ಹೊತ್ತು “ಭಾಂಡೀಯೇ” ಎಂದು ಕೂಗುತ್ತ ಬರುತ್ತಾರೆ. ಮರುಬಳಕೆ ಎಂದು ನಾವು ಸಭೆ ಮಾಡಿ ಹೇಳುವ ದಂಧೆ ಅವರದು. ಮಣ್ಣಿನ ಬಣ್ಣದ ಮೇಲಿನ ಮೋಹ ಅಷ್ಟರಲ್ಲಿ ತೀರಿತ್ತು. ಆ ಕುರ್ತಾಗಳನ್ನು ವೈನಿ ದೊಡ್ಡದೊಂದು ಬಟ್ಟೆಚೀಲದಲ್ಲಿ ತುಂಬಿ ತಂದಿದ್ದರು.

ಬೋಹಾರಣಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕೆಮ್ಮಣ್ಣಿನ ಲಿನನ್ನನ್ನು ಎರಡೂ ಕೈಯಿಂದ ಜಗ್ಗಿ, ಹೊಲಿಗೆ ನೋಡಿ, ಮೂಸಿ, ಬದಿಗಿಟ್ಟಳು. “ನಾಹೀ ತಾಯಿ. ಹೇ ಚಾಲತ್ ನಾಹೀ.” ಸುಕ್ಕು ಹೋಗುವುದಿಲ್ಲ, ಬಣ್ಣವಿಲ್ಲ, ಯಾರು ತೊಗೊಳ್ತಾರೆ ಎಂಬುದು ಅವಳ ತಕರಾರು. ಟೆರಿಕಾಟಿನ ಪ್ಯಾಂಟು ಇದ್ದರೆ ಕೊಡಿ, ನಾಯ್ಲಾನ್ ಸೀರೆ ಇದ್ದರೆ ಕೊಡಿ. “ಇದು ಪರ್ಯಾವರಣಕ್ಕ ಛಲೋ” ಎಂದು ವೈನಿ ಮರಾಠಿಯಲ್ಲಿ ತಿಳಿಸಿಕೊಟ್ಟರು. ಪರ್ಯಾವರಣ ಬಾಳಿಕೆ ಬರಬೇಕಲ್ಲ ತಾಯಿ ಎಂದಳು ಅವಳು.

ನೆಗೆಣ್ಣಿ ನಿಡುಸುಯ್ದು ಅಟ್ಟ ಹತ್ತಿದರು. ಮೂವತ್ತು ಇಂಚಿನ ಪ್ಯಾಂಟುಗಳು ಇಳಿದು ಬಂದವು. ಆಮೇಲೆ ಒಂದು ಗಂಟೆ ಜಗ್ಗಾಟ. ನಾಲ್ಕು ಪ್ಯಾಂಟಿಗೆ ಪಾತೇಲಿ, ಮುಚ್ಚಳ ಬೇಕಾದರೆ ಐದನೆಯದು. ಲಿನನ್ ಕುರ್ತಾಗಳೆಲ್ಲ ಸೇರಿ ಒಂದು ಚಹಾ ಸೋಸುವ ಜಾಳಿಗೆ, ಅದೂ ಚೀಲ ಸಮೇತ ಕೊಟ್ಟರೆ. ಚೀಲ ಗಟ್ಟಿ ಇತ್ತು. ಅದರ ಮೇಲೆ ‘ಕಡಿಮೆ ಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಬೋಹಾರಣಿ ಅದರಲ್ಲಿ ಪ್ಯಾಂಟು ತುಂಬಿ ತಲೆಗೇರಿಸಿದಳು. ಪಾತೇಲಿ ಮಾತ್ರ ನೆಗೆಣ್ಣಿ ವೈನಿಯ ಕೈಗಿಟ್ಟರು. ಏಕೆಂದರೆ ಪೈಠಣಿಯನ್ನು ಅವರಿಗೆ ತೋರಿಸಿಯಾಗಿತ್ತು, ಮುಂದಿನ ಲಗ್ನಕ್ಕೆ ಅದನ್ನು ಕಡ ಕೊಡುವ ಮಾತೂ ಆಗಿತ್ತು. ಇನ್ನೂರರಲ್ಲಿ ಒಂದು ಕಡಿಮೆಯಾಯಿತೆಂದು ವೈನಿ ಹಿಗ್ಗಿದರು.

ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಪಾತೇಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಶಾಲು ಮಡಚಿಟ್ಟು, ಮೇಲೆ ಮುಚ್ಚಳ ಹಾಕಿ ಬಂದರಂತೆ. ಮನ್ಮಾಡಿನಲ್ಲಿ ಹತ್ತಿದ ಮರಾಠಿ ಬಾಯಿಯೊಬ್ಬಳು ಪಾತೇಲಿಯನ್ನು ಬಡಿದು ನೋಡಿ, ಜಾಡಾಗಿದೆ, ಎಷ್ಟಕ್ಕೆ ತಂದಿರಿ ಎಂದು ಕೇಳಿದಳು.

“ರೊಕ್ಕಾ ಕೊಟ್ಟಿಲ್ಲ. ಝೀರೋ ವೇಸ್ಟ್” ಎಂದರು ವೈನಿ, ಕತ್ತು ತುಸು ಎತ್ತಿ.

“ಹೌದಾ? ನಾಶಿಕದಾಗ ಅವರ ದುಕಾನು ಎಲ್ಲಿ ಬರ್ತದ?”

ವೈನಿ ನಿಫಾಡ್ ದಾಟುವವರೆಗೂ ಯೋಚಿಸಿದರು. ಆಮೇಲೆ, ಇನ್ನೂ ತೆಗೆದಿಲ್ಲ, ಕಾಲೇಜು ರೋಡಿಗೆ ಬರೋದರಲ್ಲಿದೆ ಎಂದರು.